ಸ್ವಂತ ಡಬ್ಬಿಯೋ, ಬಾಡಿಗೆ ಸರ್ವರೋ? ಆದೋನಿ ಮಂಡಿಯ ಫೋನಿನ ಲೆಕ್ಕ

ಹತ್ತಿ ಬಂತೆಂದರೆ ಆದೋನಿಯಲ್ಲಿ ಮೊದಲು ಬಿಸಿಯಾಗುವುದು ಫೋನು. ದಸರೆ ಮುಗಿಯುವುದೇ ತಡ, ಕೌತಾಳಂ, ಕೋಸಿಗಿ, ಹೊಳಗುಂದ, ಹಾಲಹರ್ವಿ, ಆಲೂರು ಕಡೆಯಿಂದಲೂ, ಗಡಿಯ ಆಚೆ ಸಿರುಗುಪ್ಪದ ಕಡೆಯಿಂದಲೂ ದಲಾಲಿ ಅಂಗಡಿಗಳಿಗೆ ಕರೆ ಶುರುವಾಗುತ್ತವೆ. "ಇವತ್ತು ಏನ್ ನಡದೈತ್ರಿ ರೇಟು?" ಎಂದು ಒಬ್ಬರು, "ಈರೋಜು ರೇಟೆಂತಂಡಿ?" ಎಂದು ಇನ್ನೊಬ್ಬರು. ಕೇಳುವ ಭಾಷೆ ಎರಡಾದರೂ ಕೇಳುವ ಮಾತು ಒಂದೇ. ಗಾಡಿ ಇವತ್ತೇ ಹೇರಬೇಕೋ, ಎರಡು ದಿನ ತಡೆಯಬೇಕೋ ಎಂಬುದು ಆ ಒಂದು ಉತ್ತರದ ಮೇಲೆ ನಿಂತಿರುತ್ತದೆ. ಫೋನು ಎತ್ತದ ಅಂಗಡಿಗೆ ಮಾಲು ಬರುವುದಿಲ್ಲ. ಉತ್ತರ ಸಿಗದ ರೈತ ಅಂದಾಜಿನ ಮೇಲೆ ಗಾಡಿ ಕಟ್ಟಿ ಬಂದು, ಯಾರ್ಡಿನಲ್ಲಿ ಚೀಲದ ಮೇಲೇ ರಾತ್ರಿ ಕಳೆಯುತ್ತಾನೆ.

ಈಚೆಗೆ ಮಂಡಿಯ ಅಂಗಡಿಗಳಲ್ಲೂ ಜಿನ್ನಿಂಗ್ ಫ್ಯಾಕ್ಟರಿಗಳಲ್ಲೂ ಹೊಸ ಮಾತೊಂದು ಕೇಳಿಬರುತ್ತಿದೆ. ಹಳೆಯ ತಂತಿ ಫೋನು ತೆಗೆದು ಇಂಟರ್‌ನೆಟ್ ಫೋನು ಹಾಕಿಸಬೇಕು ಎನ್ನುತ್ತಾರೆ. ಅಲ್ಲಿಗೆ ಮುಗಿಯಲಿಲ್ಲ. ಅದಕ್ಕೊಂದು ಸರ್ವರ್ ಬೇಕು. ಆ ಸರ್ವರ್ ಅಂಗಡಿಯಲ್ಲೇ ಇಡುವ ಸ್ವಂತ ಯಂತ್ರವಾಗಿರಬೇಕೋ, ಮುಂಬೈಯಲ್ಲೋ ಹೈದರಾಬಾದಿನಲ್ಲೋ ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್ ಆಗಿರಬೇಕೋ? ಮಾರುವವರು ಇಬ್ಬರೂ ತಮ್ಮದೇ ಒಳ್ಳೆಯದು ಎನ್ನುತ್ತಾರೆ. ಕೊಳ್ಳುವವನಿಗೆ ಯಾರೂ ಕೂತು ತಿಳಿಹೇಳುವುದಿಲ್ಲ. ನಾನು ಸಿರುಗುಪ್ಪದಲ್ಲಿ ಎಸ್ಸೆಸ್ಸೆಲ್ಸಿ ಓದಿದ ಒಕ್ಕಲಿಗ. ಎರಡು ಭಾಷೆಯಲ್ಲಿ ಪದ್ಯ ಕಟ್ಟುತ್ತೇನೆ ಎಂಬುದು ಬಿಟ್ಟರೆ ಬೇರೆ ವಿದ್ಯೆ ನನಗಿಲ್ಲ. ಆದರೆ ನಮ್ಮ ಮಾಲು ಹೋಗುವ ದಲಾಲಿ ಅಂಗಡಿಯೊಂದರಲ್ಲಿ ಈ ಆಯ್ಕೆ ಎದುರಾದಾಗ, ಫೋನಿನಲ್ಲಿ ಕೇಳಿಸುವ ಮಾತನ್ನು ತೆಲುಗು, ಕನ್ನಡ ಎರಡರಲ್ಲೂ ಬರೆದುಕೊಡಲು ನನ್ನನ್ನು ಕರೆದರು. ಹಾಗೆ ಕೂತು ಕೇಳಿದ್ದನ್ನು, ಬಳ್ಳಾರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನನ್ನ ತಂಗಿಯ ಮಗನಿಂದ ಬಿಡಿಸಿ ಬಿಡಿಸಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ಟ್ರಂಕ್ ಕಾಲಿನಿಂದ ಇಲ್ಲಿಯವರೆಗೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಈ ಕಡೆ ಉಳಿದವು. ಗಡಿ ಬಂತು, ವ್ಯವಹಾರ ನಿಲ್ಲಲಿಲ್ಲ. ಬೀಗರು ಆ ಕಡೆ, ಹೊಲ ಈ ಕಡೆ, ಸಾಲ ಎರಡೂ ಕಡೆ. ಊರಿಂದ ಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುವ ಕಾಲ ಒಂದಿತ್ತು. ಮುಂಬೈಯ ಹತ್ತಿ ರೇಟು ಕೇಳಲು ಲೈಟ್ನಿಂಗ್ ಕಾಲ್‌ಗೆ ಎಂಟು ಪಟ್ಟು ದುಡ್ಡು ಕೊಟ್ಟ ಹಿರಿಯರ ಕಥೆ ಮಂಡಿಯಲ್ಲಿ ಈಗಲೂ ಕೇಳಬಹುದು.

ಹಳ್ಳಿಗೆ ಫೋನು ತಂದ ಯಂತ್ರ ನಮ್ಮ ಕರ್ನಾಟಕದಲ್ಲೇ ಮೊದಲು ಓಡಿತು ಎಂಬುದನ್ನು ಎಲ್ಲರೂ ನೆನಪಿಡಬೇಕು. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ, ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ, 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜನ್ನು ತಯಾರಿಸಿ 1986ರಲ್ಲಿ ಕಿತ್ತೂರಿನಲ್ಲಿ ಮೊದಲು ಚಾಲೂ ಮಾಡಿತು. ವಿದೇಶದ ಎಕ್ಸ್‌ಚೇಂಜುಗಳಿಗೆ ಏರ್ ಕಂಡೀಶನ್ ಕೋಣೆ ಬೇಕಾಗಿತ್ತು. ಇದಕ್ಕೆ ಬೇಕಾಗಿರಲಿಲ್ಲ. ನಮ್ಮ ಬಿಸಿಲಿಗೆ, ನಮ್ಮ ಧೂಳಿಗೆ, ನಮ್ಮ ಕರೆಂಟಿಗೆ ತಕ್ಕಂತೆ ಕಟ್ಟಿದ್ದರು. ಈ ಮಾತು ಮುಂದೆ ಬೇಕಾಗುತ್ತದೆ.

ಇಂಟರ್‌ನೆಟ್ ಮೇಲೆ ಮಾತಾಡಲು ನಮ್ಮ ದೇಶದಲ್ಲಿ ಕಾನೂನಿನ ಬಾಗಿಲು ತೆರೆದದ್ದು 2002ರ ಏಪ್ರಿಲ್ 1ಕ್ಕೆ. ಆಗ ಕಂಪ್ಯೂಟರಿನಿಂದ ನಮ್ಮೂರಿನ ಸಾಮಾನ್ಯ ಫೋನಿಗೆ ಕರೆ ಮಾಡುವಂತಿರಲಿಲ್ಲ. ಲೈಸೆನ್ಸು ಇರುವ ಕಂಪನಿಗಳು ಇಂಟರ್‌ನೆಟ್ ಕರೆಯನ್ನು ಸಾಮಾನ್ಯ ಫೋನಿಗೂ ಮೊಬೈಲಿಗೂ ಮುಟ್ಟಿಸಬಹುದು ಎಂದು ಸ್ಪಷ್ಟವಾದದ್ದು 2018ರಲ್ಲಿ. ಅದಕ್ಕೆ ಸ್ವಲ್ಪ ಮುಂಚೆ, 2017ರ ಡಿಸೆಂಬರಿನಲ್ಲಿ, ಆಂಧ್ರದಲ್ಲಿ ಎಪಿ ಫೈಬರ್‌ನೆಟ್ ಯೋಜನೆ ಉದ್ಘಾಟನೆಯಾಯಿತು. ಕರೆಂಟ್ ಕಂಬದ ಮೇಲೆ ಫೈಬರ್ ಎಳೆದು, ಟಿವಿ, ಇಂಟರ್‌ನೆಟ್, ಫೋನು ಮೂರನ್ನೂ ಒಂದೇ ಎಳೆಯಲ್ಲಿ ಮನೆಗೆ ತಂದರು. ಆ ಫೋನು ಒಳಗೆ ಇಂಟರ್‌ನೆಟ್ ಫೋನೇ. ಬಳಸುತ್ತಿದ್ದ ಎಷ್ಟೋ ಜನರಿಗೆ ಅದು ಗೊತ್ತಿರಲಿಲ್ಲ, ಅಷ್ಟೆ.

ಸರ್ವರ್ ಅಂದ್ರ ಏನು?

ದೊಡ್ಡ ಅಂಗಡಿಗಳಲ್ಲಿ ಮುಂಚೆ ಇಪಿಎಬಿಎಕ್ಸ್ ಎಂಬ ಪೆಟ್ಟಿಗೆ ಗೋಡೆಗೆ ಹಾಕಿರುತ್ತಿದ್ದರು. ಹೊರಗಿನ ಎರಡು ಲೈನು, ಒಳಗೆ ಎಂಟು ಫೋನು. ಯಾವ ಕರೆ ಯಾರಿಗೆ ಹೋಗಬೇಕೆಂದು ಆ ಪೆಟ್ಟಿಗೆ ನೋಡಿಕೊಳ್ಳುತ್ತಿತ್ತು. ಇಂಟರ್‌ನೆಟ್ ಫೋನಿನಲ್ಲಿ ಆ ಪೆಟ್ಟಿಗೆಯ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಅದೇ ಸರ್ವರ್. ಅದಕ್ಕೆ ಪ್ರೋಗ್ರಾಮು ಪುಕ್ಕಟೆಯಾಗಿಯೂ ಸಿಗುತ್ತದೆ. 1999ರಲ್ಲಿ ಅಮೆರಿಕದ ಮಾರ್ಕ್ ಸ್ಪೆನ್ಸರ್ ಎಂಬ ಯುವಕ, ತನ್ನ ಸಣ್ಣ ಕಂಪನಿಗೆ ಫೋನ್ ಎಕ್ಸ್‌ಚೇಂಜ್ ಕೊಳ್ಳಲು ದುಡ್ಡು ಸಾಲದೆ, ತಾನೇ ಕೂತು 'ಆಸ್ಟೆರಿಸ್ಕ್' ಎಂಬ ಪ್ರೋಗ್ರಾಮು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ. ಇವತ್ತು ಜಗತ್ತಿನ ಎಷ್ಟೋ ಆಫೀಸುಗಳ ಫೋನು ಅದರ ಮೇಲೆ ಓಡುತ್ತದೆ. ಹತ್ತು ಇಪ್ಪತ್ತು ಫೋನಿನ ಅಂಗಡಿಗೆ ಸಣ್ಣ ಕಂಪ್ಯೂಟರೇ ಸಾಕು.

ಇನ್ನು ಎರಡು ಬಗೆ. ನಮ್ಮ ರೈತರಿಗೆ ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಸ್ವಂತ ಸರ್ವರ್ ಎಂದರೆ ಸ್ವಂತ ಬೋರು, ವರ್ಚುವಲ್ ಸರ್ವರ್ ಎಂದರೆ ಕಾಲುವೆಯ ಪಾಲು.

ಬೋರು ನಮ್ಮದು. ಮೋಟರು ನಮ್ಮದು. ಬೇಕಾದಾಗ ಹಾಕಬಹುದು, ಯಾರನ್ನೂ ಕೇಳಬೇಕಿಲ್ಲ. ಮೋಟರು ಸುಟ್ಟರೆ ಅದೂ ನಮ್ಮದೇ. ಕಾಲುವೆ ಹಾಗಲ್ಲ. ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ನೀರು ಬಳ್ಳಾರಿ ಜಿಲ್ಲೆ ದಾಟಿ ನಮ್ಮ ಹೊಲಕ್ಕೆ ಬರಬೇಕು. ಬಚಾವತ್ ಟ್ರಿಬ್ಯುನಲ್ ಹಂಚಿಕೆಯಲ್ಲಿ ಆ ಕಾಲುವೆಗೆ ಕರ್ನಾಟಕಕ್ಕೆ 22.5 ಟಿಎಂಸಿ, ಆಂಧ್ರಕ್ಕೆ 29.5 ಟಿಎಂಸಿ ಎಂದು ಬರೆದಿದೆ. ಕಾಗದದಲ್ಲಿ ಪಾಲು ಇದೆ. ಆದರೆ ಮೇಲಿನವರು ಜಾಸ್ತಿ ಎತ್ತಿದ ದಿನ ಟೇಲ್‌ಎಂಡಿನವನಿಗೆ ಏನು ಮುಟ್ಟುತ್ತದೆ ಎಂಬುದು ಟೇಲ್‌ಎಂಡಿನವನಿಗೇ ಗೊತ್ತು.

ವರ್ಚುವಲ್ ಸರ್ವರ್ ಅಂಥದ್ದೇ. ಡಾಟಾ ಸೆಂಟರಿನಲ್ಲಿ ಒಂದು ದೊಡ್ಡ ಯಂತ್ರ ಇರುತ್ತದೆ. ಅದನ್ನು ಪ್ರೋಗ್ರಾಮಿನ ಮೂಲಕ ಹತ್ತಾರು ಪಾಲು ಮಾಡಿ, ಒಂದೊಂದು ಪಾಲನ್ನು ಒಬ್ಬೊಬ್ಬರಿಗೆ ಬಾಡಿಗೆಗೆ ಕೊಡುತ್ತಾರೆ. ಒಳಗಿದ್ದವನಿಗೆ ಅದು ಪೂರ್ತಿ ಕಂಪ್ಯೂಟರಿನಂತೆಯೇ ಕಾಣುತ್ತದೆ. ಆದರೆ ಪಕ್ಕದ ಪಾಲಿನವನು ಭಾರದ ಕೆಲಸ ಶುರು ಮಾಡಿದರೆ ನಮ್ಮ ಪಾಲಿನ ವೇಳೆ ಸ್ವಲ್ಪ ಅಲ್ಲಿಗೆ ಹೋಗುತ್ತದೆ. ಅದಕ್ಕೆ ಕಂಪ್ಯೂಟರಿನವರು 'ಸ್ಟೀಲ್ ಟೈಮ್' ಅಂತಲೇ ಹೆಸರಿಟ್ಟಿದ್ದಾರೆ. ಕದ್ದ ವೇಳೆ ಎಂದು ಅರ್ಥ. ನಮ್ಮ ಕಾಲುವೆ ಜಗಳ ಅಲ್ಲೂ ಇದೆ ನೋಡಿ!

ಲೆಕ್ಕ ತಡವಾದರೂ ನಡೀತದ, ಮಾತು ತಡವಾಗಬಾರದು

"ಹಂಗಾದ್ರ ಎಲ್ಲಾ ಕೆಲಸಕ್ಕೂ ವರ್ಚುವಲ್ ಕೆಟ್ಟದ್ದೇನೋ?" ಎಂದು ಅಳಿಯನನ್ನು ಕೇಳಿದೆ. "ಹಂಗಲ್ಲ ಮಾಮ. ಲೆಕ್ಕ ಬ್ಯಾರೆ, ಮಾತು ಬ್ಯಾರೆ. ಬಿಲ್ಲು ಅರ್ಧ ಸೆಕೆಂಡ್ ತಡ ಆದ್ರ ಯಾರಿಗೂ ಗೊತ್ತಾಗಂಗಿಲ್ಲ. ಮಾತು ಅರ್ಧ ಸೆಕೆಂಡ್ ತಡ ಆದ್ರ ಇಬ್ರೂ ಒಮ್ಮೆಲೆ ಮಾತಾಡಾಕ ಹತ್ತತಾರ" ಎಂದ.

ಇಂಟರ್‌ನೆಟ್ ಫೋನು ನಮ್ಮ ಮಾತನ್ನು ಸಣ್ಣ ಸಣ್ಣ ತುಂಡು ಮಾಡಿ ಕಳಿಸುತ್ತದೆ. ಸಾಮಾನ್ಯವಾಗಿ ಒಂದು ತುಂಡಿಗೆ ಸೆಕೆಂಡಿನ ಸಾವಿರದಲ್ಲಿ 20 ಭಾಗ. ಅಂದರೆ ಸೆಕೆಂಡಿಗೆ 50 ತುಂಡು. ಸಾಲುಗಟ್ಟಿ, ಸಮ ಅಂತರದಲ್ಲಿ ಬಂದರೆ ಮಾತು ಕೇಳಿಸುತ್ತದೆ. ತಡವಾಗಿ ಬಂದ ತುಂಡು ಬಂದೂ ಬಾರದಂತೆ, ಅದನ್ನು ಎಸೆಯಬೇಕು. ಆಗಲೇ "ಹಲೋ, ಹಲೋ, ಕಟ್ ಆಗ್ತೈತಿ" ಎನ್ನುವುದು. ಐದು ಸಾವಿರದ ಆರು ನೂರು ಎಂದದ್ದು ಐದು ಸಾವಿರ ಎಂದಷ್ಟೇ ಕೇಳಿಸಿದರೆ ಮಂಡಿಯಲ್ಲಿ ಅದು ಬರೀ ಸದ್ದಿನ ತೊಂದರೆಯಾಗಿ ಉಳಿಯುವುದಿಲ್ಲ, ಜಗಳವಾಗುತ್ತದೆ.

ಒಂದು ಕಡೆಯ ಮಾತು ಇನ್ನೊಂದು ಕಡೆಗೆ ಸೆಕೆಂಡಿನ ಸಾವಿರದಲ್ಲಿ 150 ಭಾಗದೊಳಗೆ ಮುಟ್ಟಿದರೆ ಕಿವಿಗೆ ತೊಂದರೆಯಿಲ್ಲ ಎಂದು ಅಂತರರಾಷ್ಟ್ರೀಯ ಟೆಲಿಕಾಂ ಒಕ್ಕೂಟ ಹೇಳುತ್ತದೆ. ಫೈಬರಿನಲ್ಲಿ ಬೆಳಕು ಸಾವಿರದ ಒಂದು ಭಾಗದಲ್ಲಿ ಸುಮಾರು 200 ಕಿ.ಮೀ. ಓಡುತ್ತದೆ. ಆದೋನಿಯಿಂದ ಮುಂಬೈ ಏಳೆಂಟು ನೂರು ಕಿ.ಮೀ. ಅಂದರೆ ದೂರಕ್ಕಷ್ಟೇ ನಾಲ್ಕು ಭಾಗ ಸಾಕು. ದಾರಿ ಸುತ್ತುಬಳಸಿ ಹೋದರೂ 150ರೊಳಗೆ ಆರಾಮಾಗಿ ಮುಟ್ಟಬಹುದು. ಆದ್ದರಿಂದ ಸರ್ವರ್ ದೂರದಲ್ಲಿದೆ ಎಂದು ಹೆದರಬೇಕಿಲ್ಲ, ಅದು ದೇಶದೊಳಗೆ ಇರಬೇಕು. ಅಮೆಜಾನಿನವರ ಡಾಟಾ ಸೆಂಟರುಗಳು ಮುಂಬೈಯಲ್ಲಿ 2016ರಿಂದ, ಹೈದರಾಬಾದಿನಲ್ಲಿ 2022ರಿಂದ ಇವೆ. ಬೇರೆ ಕಂಪನಿಗಳವೂ ಇವೆ. ಅಗ್ಗವಾಗಿ ಸಿಕ್ಕಿತೆಂದು ಅಮೆರಿಕದ ಸರ್ವರ್ ಬಾಡಿಗೆಗೆ ಹಿಡಿದರೆ ಮಾತು ಸಮುದ್ರ ದಾಟಿ ಹೋಗಿ ಬರಬೇಕು. ಅದು ಬೇಡ.

ಸ್ಟೀಲ್ ಟೈಮಿಗೆ ಮದ್ದಿದೆ. ಬಾಡಿಗೆ ಹಿಡಿಯುವಾಗ ಹತ್ತು ಜನಕ್ಕೆ ಹಂಚುವ ಪಾಲು ಬೇಡ, ನಮಗೇ ಮೀಸಲಿಟ್ಟ ಪಾಲು ಕೊಡಿ ಎಂದು ಕೇಳಬೇಕು. ಬಾಡಿಗೆ ಸ್ವಲ್ಪ ಹೆಚ್ಚಾಗುತ್ತದೆ. ಫೋನಿನ ಕೆಲಸಕ್ಕೆ ಆ ಹೆಚ್ಚಿನ ದುಡ್ಡು ದಂಡವಲ್ಲ.

ಕೆಡುವ ರೀತಿ ಬೇರೆ ಬೇರೆ

ಯಾವುದು ಚೆಂದ ಓಡುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಯಾವುದು ಹೇಗೆ ಕೆಡುತ್ತದೆ ಎಂದು ಕೇಳಬೇಕು. ನೋಡಿ, 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ಡ್ಯಾಮಿಗೆ ಗೇಟು 33. ಕೆಟ್ಟದ್ದು ಒಂದೇ. ಅಷ್ಟಕ್ಕೇ ಎರಡು ರಾಜ್ಯದ ರೈತರು ವಾರಗಟ್ಟಲೆ ನಿದ್ದೆಗೆಟ್ಟರು. ತಾತ್ಕಾಲಿಕ ಗೇಟು ಇಳಿಸುವಷ್ಟರಲ್ಲಿ ಹಿಂಗಾರಿಗೆಂದು ನಿಂತಿದ್ದ ಎಷ್ಟೋ ನೀರು ನದಿ ಪಾಲಾಗಿತ್ತು. ಒಂದೇ ಚೈನಿನ ಮೇಲೆ ಎಲ್ಲ ಭಾರ ಬಿಡಬಾರದು ಎಂಬುದನ್ನು ನಮಗೆ ಬೇರೆ ಯಾರೂ ಕಲಿಸಬೇಕಿಲ್ಲ.

ಸ್ವಂತ ಡಬ್ಬಿಗೆ ನಮ್ಮೂರಲ್ಲಿ ಮೂರು ಶತ್ರು. ಮೊದಲನೆಯದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ತಗಡಿನ ಗೋದಾಮಿನ ಒಳಗೆ ಇನ್ನೂ ಜಾಸ್ತಿ. ಎರಡನೆಯದು ಹತ್ತಿಯ ನಾರು. ಜಿನ್ನಿಂಗ್ ನಡೆಯುವ ಕಡೆ ಗಾಳಿಯಲ್ಲೆಲ್ಲ ನಾರು. ಕಂಪ್ಯೂಟರಿನ ಫ್ಯಾನು ಅದನ್ನು ಎಳೆದುಕೊಂಡು ಎರಡೇ ತಿಂಗಳಲ್ಲಿ ಹಾಸಿಗೆ ಹೊಲಿದಂತೆ ಒಳಗೆ ಗಿಡಿಯುತ್ತದೆ. ಮೂರನೆಯದು ಕರೆಂಟು. ಸಿ-ಡಾಟಿನವರು ಕಿತ್ತೂರಿಗೆ ಕಟ್ಟಿದ ಯಂತ್ರದ ಬುದ್ಧಿ ಇಲ್ಲಿ ನೆನಪಾಗಬೇಕು. ಫ್ಯಾನಿಲ್ಲದ ಸಣ್ಣ ಕಂಪ್ಯೂಟರ್ ತೆಗೆದುಕೊಂಡರೆ ನಾರಿನ ಕಾಟ ಕಡಿಮೆ, ಕರೆಂಟೂ ಕಡಿಮೆ. 20 ವ್ಯಾಟಿನ ಡಬ್ಬಿ ಹಗಲು ರಾತ್ರಿ ಓಡಿದರೆ ದಿನಕ್ಕೆ ಅರ್ಧ ಯೂನಿಟ್, ತಿಂಗಳಿಗೆ 15 ಯೂನಿಟ್ ಹತ್ತಿರ. ಮನೆಯ ಇನ್ವರ್ಟರೇ ಅದನ್ನು ಗಂಟೆಗಟ್ಟಲೆ ಎಳೆಯುತ್ತದೆ. ಡಾಟಾ ಸೆಂಟರಿಗೆ ಮಾಡುವ 250 ವ್ಯಾಟಿನ ದೊಡ್ಡ ಯಂತ್ರ ತಂದಿಟ್ಟರೆ ದಿನಕ್ಕೆ ಆರು ಯೂನಿಟ್. ಅದು ಮಂಡಿ ಅಂಗಡಿಗಲ್ಲ.

ಬಾಡಿಗೆ ಸರ್ವರಿಗೆ ಬಿಸಿಲಿಲ್ಲ, ನಾರಿಲ್ಲ, ಕರೆಂಟಿನ ಚಿಂತೆಯೂ ಇಲ್ಲ. ಅದರ ಶತ್ರು ದಾರಿಯಲ್ಲಿ ಕೂತಿರುತ್ತಾನೆ. ರಸ್ತೆ ಅಗೆಯುವ ಜೆಸಿಬಿ ಒಮ್ಮೆ ಹಲ್ಲು ಊರಿದರೆ ಫೈಬರ್ ಕಡಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮುಂದಿನ ಗಲ್ಲೆಯಿಂದ ಹಿಂದಿನ ಗೋದಾಮಿಗೆ ಮಾಡುವ ಕರೆ ಕೂಡ ದೂರದ ಸರ್ವರನ್ನು ಕೇಳಿಯೇ ಹೋಗಬೇಕಾದ್ದರಿಂದ, ಫೈಬರ್ ಕಡಿದ ದಿನ ಅಂಗಡಿಯೊಳಗಿನ ಫೋನುಗಳೂ ಮೂಕವಾಗುತ್ತವೆ. ಡಬ್ಬಿ ಅಂಗಡಿಯಲ್ಲೇ ಇದ್ದರೆ ಒಳಗಿನ ಫೋನುಗಳು ಬದುಕಿರುತ್ತವೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಫೈಬರ್ ಕಡಿದಾಗ ಸ್ವಂತ ಡಬ್ಬಿಯಿದ್ದರೆ, ಹೊರಗಿನಿಂದ ರೈತ ಮಾಡಿದ ಕರೆ ಅಂಗಡಿಗೆ ಬಂದು ಮುಟ್ಟುವುದೇ ಇಲ್ಲ. ಅವನಿಗೆ ಏನೂ ಕೇಳಿಸುವುದಿಲ್ಲ. ಬಾಡಿಗೆ ಸರ್ವರ್ ಇದ್ದರೆ ಅದು ಮುಂಬೈಯಲ್ಲಿ ಎದ್ದೇ ಇರುತ್ತದೆ. ಅಂಗಡಿಯ ಫೋನು ಸಿಗದಿದ್ದರೆ ಗುಮಾಸ್ತರ ಮೊಬೈಲಿಗೆ ತಿರುಗಿಸು ಎಂದು ಮೊದಲೇ ಹೇಳಿಟ್ಟಿದ್ದರೆ ಹಾಗೇ ಮಾಡುತ್ತದೆ. ಡಬ್ಬಿ ಒಳಗಿನ ಮಾತು ಕಾಪಾಡುತ್ತದೆ, ಬಾಡಿಗೆ ಸರ್ವರ್ ಹೊರಗಿನ ಮಾತು ಕಾಪಾಡುತ್ತದೆ. ಆಯ್ಕೆಯ ಗಂಟು ಇರುವುದು ಇಲ್ಲೇ.

ನಂಬರ್ ಕೊಡುವವರು ಯಾರು?

ಸರ್ವರ್ ಯಾವುದಾದರೂ ಇರಲಿ, ಹೊರಗಿನ ಫೋನಿನ ಜೊತೆ ಮಾತಾಡಲು ನಂಬರ್ ಬೇಕು. ಹಳೆಯ ರೀತಿ ಪಿಆರ್‌ಐ ಲೈನು. ಒಂದು ಲೈನಿನಲ್ಲಿ ಒಮ್ಮೆಗೆ 30 ಕರೆ. ಅದಕ್ಕೆ ಕಂಪ್ಯೂಟರಿನೊಳಗೆ ಕೂರಿಸುವ ಕಾರ್ಡು ಬೇಕು, ಇಲ್ಲವೇ ಗೇಟ್‌ವೇ ಎಂಬ ಪೆಟ್ಟಿಗೆ ಬೇಕು. ಕಾರ್ಡನ್ನು ಮುಂಬೈಯ ವರ್ಚುವಲ್ ಸರ್ವರಿಗೆ ಕೂರಿಸಲಾಗದು. ಆದ್ದರಿಂದ ಪಿಆರ್‌ಐ ಇರುವ ದೊಡ್ಡ ಫ್ಯಾಕ್ಟರಿಯವರು ಅದನ್ನು ಉಳಿಸಿಕೊಳ್ಳುವುದಾದರೆ ಯಂತ್ರ ಫ್ಯಾಕ್ಟರಿಯಲ್ಲೇ ಇರುವುದು ಸರಳ.

ಹೊಸ ರೀತಿ ಸಿಪ್ ಟ್ರಂಕು. ಇದು ಇಂಟರ್‌ನೆಟ್ ಮೇಲೆಯೇ ಬರುವ ಲೈನು. ಆದರೆ ಕೆಲವು ಕಂಪನಿಗಳು ಸಿಪ್ ಟ್ರಂಕನ್ನೂ ಅಂಗಡಿಯ ಬಾಗಿಲಿಗೆ ತಾವೇ ಎಳೆದ ತಂತಿಯ ಮೇಲೆ ಮಾತ್ರ ಕೊಡುತ್ತವೆ. ಅಂಥ ಕಡೆ ಬಾಡಿಗೆ ಸರ್ವರ್ ಹಿಡಿದು ಉಪಯೋಗವಿಲ್ಲ. ಆದ್ದರಿಂದ ನಂಬರ್ ಕೊಡುವ ಕಂಪನಿಯನ್ನು ಮೊದಲು ಕೇಳಿ, ಸರ್ವರ್ ಆಮೇಲೆ ನೋಡಿ. "ಡಾಟಾ ಸೆಂಟರಿನಲ್ಲಿರುವ ಸರ್ವರಿಗೆ ನಿಮ್ಮ ಲೈನು ಕೊಡ್ತೀರಾ?" ಎಂದು ಬರವಣಿಗೆಯಲ್ಲಿ ಉತ್ತರ ಪಡೆಯಿರಿ.

ಇನ್ನೊಂದು ಎಚ್ಚರ. ಹತ್ತಾರು ಸಿಮ್ಮು ಹಾಕಿದ ಪೆಟ್ಟಿಗೆ ತೋರಿಸಿ ಎಸ್‌ಟಿಡಿ, ಐಎಸ್‌ಡಿ ಅಗ್ಗ ಮಾಡಿಕೊಡುತ್ತೇವೆ ಎನ್ನುವವರು ಬಂದರೆ ಬಾಗಿಲಿಂದಲೇ ಕಳಿಸಿ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅನುಮತಿಯಿಲ್ಲದೆ ಇಂಥ ಸೇವೆ ನಡೆಸುವುದಕ್ಕೆ ಮೂರು ವರ್ಷದವರೆಗೆ ಜೈಲು, ಎರಡು ಕೋಟಿ ರೂಪಾಯಿವರೆಗೆ ದಂಡ ಇದೆ. ಲೈಸೆನ್ಸು ಇರುವ ಕಂಪನಿಯ ಬಿಲ್ಲು ಸ್ವಲ್ಪ ಹೆಚ್ಚಾದರೂ ಅದೇ ಕ್ಷೇಮ.

ಕಳ್ಳರ ಮಾತೂ ಹೇಳಬೇಕು. ಇಂಟರ್‌ನೆಟ್ಟಿಗೆ ತೆರೆದಿಟ್ಟ ಫೋನ್ ಸರ್ವರನ್ನು ಹುಡುಕಿಕೊಂಡು ಜಗತ್ತಿನ ಮೂಲೆಯಿಂದ ಯಾರ್ಯಾರೋ ಬರುತ್ತಾರೆ. 1234 ಎಂಬ ಪಾಸ್‌ವರ್ಡ್ ಇಟ್ಟ ಅಂಗಡಿಯ ಲೈನಿನಿಂದ ರಾತ್ರಿಯೆಲ್ಲ ವಿದೇಶಕ್ಕೆ ಕರೆ ಹಚ್ಚಿ, ಬಿಲ್ಲು ನಮ್ಮ ತಲೆಗೆ ಕಟ್ಟುತ್ತಾರೆ. ಇದಕ್ಕೆ ಸ್ವಂತ, ಬಾಡಿಗೆ ಎಂಬ ಭೇದವಿಲ್ಲ. ಉದ್ದನೆಯ ಪಾಸ್‌ವರ್ಡ್ ಇಡಿ, ಐಎಸ್‌ಡಿ ಬೇಡವೆಂದು ಕಂಪನಿಗೇ ಬರೆದುಕೊಡಿ.

ಖರ್ಚಿನ ಲೆಕ್ಕ

ಮಂಡಿಯವರು ಮೊದಲು ಕೇಳುವುದು ಇದನ್ನೇ. ಉದಾಹರಣೆಗೆ ಹಿಡಿಯೋಣ. ಮೀಸಲು ಪಾಲಿನ ಬಾಡಿಗೆ ಸರ್ವರಿಗೆ ತಿಂಗಳಿಗೆ ಒಂದು ಸಾವಿರ ಎಂದರೆ ಐದು ವರ್ಷಕ್ಕೆ 60 ಸಾವಿರ. ಸ್ವಂತ ಡಬ್ಬಿಗೆ 25 ಸಾವಿರ, ಇನ್ವರ್ಟರ್ ಬ್ಯಾಟರಿಗೆ 15 ಸಾವಿರ ಎಂದರೆ 40 ಸಾವಿರ. ಡಬ್ಬಿಯೇ ಅಗ್ಗ ಎನಿಸುತ್ತದೆ. ಆದರೆ ಡಬ್ಬಿ ಕೆಟ್ಟಾಗ ಬಳ್ಳಾರಿಯಿಂದಲೋ ಕರ್ನೂಲಿನಿಂದಲೋ ಮನುಷ್ಯ ಬರಬೇಕು. ಅವನ ಬಸ್ ಚಾರ್ಜು, ಕೂಲಿ, ಜೊತೆಗೆ ಅವನು ಬರುವತನಕ ನಿಂತ ವ್ಯಾಪಾರ ಇವನ್ನು ಸೇರಿಸಿದರೆ ಎರಡೂ ಸಮ ಆಗುತ್ತವೆ. ಅಂದರೆ ಹತ್ತು ಫೋನಿನ ಅಂಗಡಿಗೆ ದುಡ್ಡು ಈ ಆಯ್ಕೆಯನ್ನು ತೀರ್ಮಾನ ಮಾಡುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ನಿಜ, ಇಲ್ಲಿ ಎರಡು ಹಾಸಿಗೆಯ ಅಳತೆಯೂ ಒಂದೇ.

ಇಂಟರ್‌ನೆಟ್ ಎಷ್ಟು ಬೇಕು? ಒಂದು ಕರೆಗೆ ಒಳ್ಳೆಯ ಧ್ವನಿಯಲ್ಲಿ ಹೋಗಲು, ಬರಲು ತಲಾ ಸುಮಾರು 90 ಕೆಬಿಪಿಎಸ್. ಒಮ್ಮೆಗೆ ಹತ್ತು ಕರೆ ಎಂದರೂ ಒಂದು ಎಂಬಿಪಿಎಸ್ ಒಳಗೆ. ಅಂಗಡಿಯ ಸಾದಾ ಫೈಬರ್ ಧಾರಾಳ ಸಾಕು. ಹುಡುಗರು ಅದೇ ಲೈನಿನಲ್ಲಿ ಸಿನಿಮಾ ನೋಡುತ್ತಿದ್ದರೆ ಮಾತ್ರ ಫೋನಿಗೆ ಮೊದಲ ದಾರಿ ಕೊಡುವಂತೆ ರೌಟರಿನಲ್ಲಿ ಹೇಳಿಸಬೇಕು.

ಮಾತು ರೆಕಾರ್ಡು ಮಾಡಿಡುವುದು ಮಂಡಿಗೆ ಬಹಳ ಉಪಯೋಗ. "ನೀನು ಫೋನಿನಲ್ಲಿ ಹೇಳಿದ ರೇಟು ಅದಲ್ಲ" ಎಂಬ ವಾದ ಕೇಳಿ ಕೇಳಿ ಎಲ್ಲರಿಗೂ ಬೇಸರವಾಗಿದೆ. ಒಂದು ಗಂಟೆಯ ಮಾತು ಸುಮಾರು 29 ಎಂಬಿ. ದಿನಕ್ಕೆ ಐದು ಗಂಟೆ, ವರ್ಷಕ್ಕೆ 300 ದಿನ ಎಂದರೆ 43 ಜಿಬಿ ಹತ್ತಿರ. ಸ್ವಂತ ಡಬ್ಬಿಯಲ್ಲಿ ಇದಕ್ಕೆ ಜಾಗ ಅಗ್ಗ, ಬಾಡಿಗೆ ಸರ್ವರಿನಲ್ಲಿ ಜಾಗಕ್ಕೂ ಬಾಡಿಗೆ ಬೆಳೆಯುತ್ತದೆ. ರೆಕಾರ್ಡು ಮಾಡುವುದಾದರೆ ಕರೆ ಮಾಡಿದವನಿಗೆ ಮೊದಲೇ ಹೇಳಬೇಕು. ಕದ್ದು ಕೇಳುವುದು ನಮ್ಮ ಮರ್ಯಾದೆಯಲ್ಲ.

ಒಂದು ಒತ್ತಬೇಕೋ, ಎರಡು ಒತ್ತಬೇಕೋ

ಇನ್ನು ನನ್ನ ಪಾಲಿಗೆ ಬಂದ ಕೆಲಸ. "ಕವಿಗಾರೂ, ರೆಂಡು ಭಾಷಲ್ಲೋ ರೆಂಡು ಮಾಟಲು ರಾಸಿವ್ವಂಡಿ" ಎಂದರು ಸಾವುಕಾರರು. ಎರಡು ಮಾತು ಬರೆಯುವುದು ಸುಲಭ ಎಂದು ಕೂತರೆ, ಮೊದಲ ಪ್ರಶ್ನೆಗೇ ಪಂಚಾಯತಿ ಶುರುವಾಯಿತು. ಒಂದನೇ ಅಂಕಿ ಯಾವ ಭಾಷೆಗೆ? ಊರು ಆಂಧ್ರದ್ದು, ತೆಲುಗಿಗೆ ಒಂದು ಎಂದರು ಗುಮಾಸ್ತರು. ಮಾಲು ತರುವವರಲ್ಲಿ ಅರ್ಧ ಜನ ಕನ್ನಡದವರು, ನಮಗೆ ಯಾಕೆ ಎರಡು ಎಂದರು ಹೊಳಗುಂದ ಕಡೆಯ ಒಬ್ಬ ಹಿರಿಯರು.

ಅಳಿಯ ದಾರಿ ತೋರಿಸಿದ. ಸರ್ವರಿಗೆ ನೆನಪಿರುತ್ತದೆ. ಮೊದಲ ಸಲ ಕರೆ ಮಾಡಿದವರು ಯಾವ ಭಾಷೆ ಆರಿಸಿದರೋ, ಅದೇ ನಂಬರಿನಿಂದ ಮುಂದಿನ ಸಲ ಬಂದಾಗ ಕೇಳದೆ ಅದೇ ಭಾಷೆಯಲ್ಲಿ ಮಾತಾಡಿಸುತ್ತದೆ. ಒಂದು, ಎರಡರ ಜಗಳ ಒಂದೇ ದಿನದ್ದಾಯಿತು. ನಾನು ಇನ್ನೊಂದು ಸೇರಿಸಿದೆ. ಏನೂ ಒತ್ತದವರನ್ನು ಹತ್ತು ಸೆಕೆಂಡಿನ ಮೇಲೆ ಕಾಯಿಸದೆ ನೇರ ಗುಮಾಸ್ತರಿಗೆ ಕೊಡಬೇಕು. ನಮ್ಮ ಕಡೆ ಎಷ್ಟೋ ಹಿರಿಯರಿಗೆ ಹಸಿರು ಗುಂಡಿ, ಕೆಂಪು ಗುಂಡಿ ಬಿಟ್ಟರೆ ಬೇರೆ ಗುಂಡಿ ಗೊತ್ತಿಲ್ಲ. ಅವರ ಕರೆ ಯಂತ್ರದ ಬಾಯಲ್ಲಿ ಸಾಯಬಾರದು.

ಈ ಸ್ವಾತಂತ್ರ್ಯ ಎಲ್ಲ ಕಡೆ ಸಿಗುವುದಿಲ್ಲ. ಸ್ವಂತ ಡಬ್ಬಿಯಲ್ಲೂ, ಬಾಡಿಗೆಗೆ ಹಿಡಿದ ಬರೀ ಸರ್ವರಿನಲ್ಲೂ ನಮ್ಮ ಧ್ವನಿ ನಾವೇ ತುಂಬಬಹುದು. ಆದರೆ ತಯಾರಾಗಿ ಸಿಗುವ ಫೋನ್ ಸೇವೆ ಎಂದು ಮೂರನೆಯ ಬಗೆ ಒಂದಿದೆ. ಸರ್ವರೂ ಅವರದೇ, ಪ್ರೋಗ್ರಾಮೂ ಅವರದೇ. ಅಲ್ಲಿ ಅವರು ಕೊಟ್ಟಷ್ಟೇ ನಮಗೆ. ಕನ್ನಡ ಇದೆಯೇ, ನಮ್ಮ ರೆಕಾರ್ಡು ಹಾಕಬಹುದೇ ಎಂದು ಕೇಳದೆ ಸಹಿ ಮಾಡಬೇಡಿ. ಶಾಲೆಯಲ್ಲಿ, ಬೋರ್ಡಿನಲ್ಲಿ, ಅರ್ಜಿಯಲ್ಲಿ ಕನ್ನಡ ತೆಳುವಾಗುತ್ತ ಬಂದ ನಮ್ಮ ಕಡೆ, ಮಂಡಿಯ ಫೋನಾದರೂ "ನಮಸ್ಕಾರ್ರಿ" ಎನ್ನಲಿ.

ಯಾರಿಗೆ ಯಾವುದು?

ನಾನು ಹೇಳಿದ ಅಂಗಡಿಗೆ ಮೂರು ಕಡೆ ಠಿಕಾಣಿ. ಯಾರ್ಡಿನ ಹತ್ತಿರ ಅಂಗಡಿ, ಊರ ಹೊರಗೆ ಗೋದಾಮು, ಸಿರುಗುಪ್ಪದಲ್ಲಿ ತಮ್ಮನ ಅಂಗಡಿ. ಅವರ ಜೀವ ಇರುವುದು ಹೊರಗಿನಿಂದ ಬರುವ ರೈತರ ಕರೆಯಲ್ಲಿ. ಆದ್ದರಿಂದ ನಂಬರನ್ನು ಬಾಡಿಗೆ ಸರ್ವರಿಗೆ ಕಟ್ಟಿಸಿದರು. ಅದಕ್ಕೆ ಲೈನು ಕೊಡುತ್ತೇವೆಂದು ಕಂಪನಿಯಿಂದ ಬರೆಸಿಕೊಂಡೇ ಕಟ್ಟಿಸಿದರು. ಮೂರು ಠಿಕಾಣಿಯೂ ಅದಕ್ಕೇ ಸೇರಿವೆ. ಗೋದಾಮಿನಲ್ಲಿ ಫ್ಯಾನಿಲ್ಲದ ಸಣ್ಣ ಡಬ್ಬಿ ಒಂದಿದೆ. ಫೈಬರ್ ಕಡಿದ ದಿನ ಕಾಟಾದವನೂ ಗೇಟಿನವನೂ ಮಾತಾಡಿಕೊಳ್ಳಲು ಅದು ಸಾಕು. ರೆಕಾರ್ಡುಗಳನ್ನು ರಾತ್ರಿ ಹೊತ್ತು ಇಳಿಸಿಕೊಂಡು ಇಟ್ಟುಕೊಳ್ಳುವುದೂ ಅದೇ ಡಬ್ಬಿ.

ಎಲ್ಲರಿಗೂ ಇದೇ ಸರಿ ಎಂದಲ್ಲ. ಒಂದೇ ಕಾಂಪೌಂಡಿನಲ್ಲಿ ನಡೆಯುವ ಜಿನ್ನಿಂಗ್ ಫ್ಯಾಕ್ಟರಿಗೆ ಒಳಗಿನ ಮಾತೇ ಹೆಚ್ಚು, ಅಲ್ಲಿ ಸ್ವಂತ ಡಬ್ಬಿಯೇ ಲೇಸು. ಅದೇ ಡಬ್ಬಿಯನ್ನು ಒಳಗೇ ಎರಡು ಪಾಲು ಮಾಡಿ ಒಂದರಲ್ಲಿ ಫೋನು, ಇನ್ನೊಂದರಲ್ಲಿ ಲೆಕ್ಕಪತ್ರ ಓಡಿಸುವವರೂ ಇದ್ದಾರೆ. ಹಾಗೆ ಮಾಡಿದರೆ ಫೋನಿನ ಪಾಲನ್ನು ಇಡಿಯಾಗಿ ನಕಲು ತೆಗೆದಿಟ್ಟು, ಯಂತ್ರ ಕೆಟ್ಟರೆ ಬೇರೆ ಯಂತ್ರದಲ್ಲಿ ಅದೇ ದಿನ ಎಬ್ಬಿಸಬಹುದು. ಆದರೆ ಫೋನಿನ ಪಾಲನ್ನು ಮೀಸಲಿಡಬೇಕು, ಇಲ್ಲವಾದರೆ ಲೆಕ್ಕದ ಬ್ಯಾಕಪ್ ಓಡುವ ಹೊತ್ತಿಗೆ ಮಾತು ತೊದಲುತ್ತದೆ. ಎರಡೇ ಫೋನಿನ ಅಂಗಡಿಗೆ ಇದ್ಯಾವುದೂ ಬೇಡ. ಒಂದು ಮೊಬೈಲು, ಅದನ್ನು ಎತ್ತುವ ಮನುಷ್ಯ ಇದ್ದರೆ ಸಾಕು.

ಕೊಳ್ಳುವ ಮುಂಚೆ ಈ ನಾಲ್ಕು ಪ್ರಶ್ನೆ ಕಾಗದದಲ್ಲಿ ಬರೆದುಕೊಳ್ಳಿ:

1. ನಮಗೆ ಹೆಚ್ಚು ನಷ್ಟ ಯಾವುದರಿಂದ, ಒಳಗಿನ ಫೋನು ನಿಂತರೋ, ಹೊರಗಿನ ಕರೆ ನಿಂತರೋ?

2. ನಂಬರ್ ಕೊಡುವ ಕಂಪನಿ ಲೈನನ್ನು ಎಲ್ಲಿಗೆ ಕೊಡುತ್ತದೆ?

3. ಕೆಟ್ಟಾಗ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ?

4. ನಮ್ಮ ಎರಡು ಭಾಷೆಗೂ ಜಾಗ ಇದೆಯೇ?

ಉತ್ತರ ಬರೆದಾದ ಮೇಲೆ ಸರ್ವರ್ ಯಾವುದೆಂದು ತಾನಾಗಿಯೇ ಗೊತ್ತಾಗುತ್ತದೆ. ಹಾಕಿಸಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಹತ್ತಿ ಬರುವ ಮುಂಚೆ, ಶ್ರಾವಣದಲ್ಲೇ, ವ್ಯಾಪಾರ ತಣ್ಣಗಿರುವ ಒಂದು ದಿನ ಬೇಕಂತಲೇ ಫೈಬರ್ ವೈರು ಕಿತ್ತಿಡಿ. ಇನ್ನೊಂದು ದಿನ ಕರೆಂಟ್ ಮೇನು ಕೆಳಗಿಳಿಸಿ. ಊರಿಂದ ಒಬ್ಬ ರೈತನ ಕೈಲಿ ಕರೆ ಮಾಡಿಸಿ. ಅವನ ಮಾತಿಗೆ ಎಲ್ಲಿಂದಲಾದರೂ ಒಬ್ಬರು ಉತ್ತರ ಕೊಟ್ಟರೆ ನಿಮ್ಮ ದುಡ್ಡು ದಂಡವಾಗಿಲ್ಲ.